ಹಳೇ ಮಠದ ಓಲೆಗರಿ ಕೋಣೆಯಲ್ಲಿ 120 ಗಂಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಲಿಬ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಓದುವಾಗ ನಾನು ಪ್ರಾಕ್ಟಿಕಮ್‌ಗೆ ಅಂತ ಘಟ್ಟದ ಅಂಚಿನ ಒಂದು ಹಳೇ ಮಠಕ್ಕೆ ಹೋಗಿದ್ದೆ. ಅಲ್ಲಿನ ಗ್ರಂಥಾಲಯ ಮತ್ತು ದಾಖಲೆ ಕೋಣೆಯಲ್ಲಿ ಸ್ವಯಂಸೇವಕಿಯಾಗಿ 120 ಗಂಟೆ ಕೆಲಸ ಮಾಡಿದೆ. ಅವತ್ತಿನಿಂದ ಜೂನಿಯರ್‌ಗಳು, ನೆಂಟರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಒಂದೇ ಸಲ ಬರೆದಿಡೋಣ ಅನ್ನಿಸಿತು. ಮಠದ ಹೆಸರು ಬರೆಯುವುದಿಲ್ಲ. ನನ್ನ ಎಡವಟ್ಟುಗಳೂ ಇಲ್ಲಿವೆ, ಅವರ ಕಪಾಟಿನ ಕಥೆಯೂ ಇದೆ.

ದಿನವಿಡೀ ಹಳೇ ಗ್ರಂಥ ಓದುತ್ತಾ ಕೂತಿದ್ದೆಯಾ?

ಇಲ್ಲ. ಮೊದಲ ಒಂಬತ್ತು ದಿನ ಕೈಯಲ್ಲಿದ್ದದ್ದು ಮೆತ್ತನೆ ಬ್ರಷ್, ಮೂಗಿಗೆ ಮಾಸ್ಕ್. ಅಷ್ಟೇ.

ಹಾಗಾದರೆ ಮಾಡಿದ್ದೇನು, ಸರಿಯಾಗಿ ಹೇಳು.

ಕಪಾಟಿನಿಂದ ಓಲೆಗರಿಯ, ಅಂದರೆ ಬರಹ ಇರುವ ತಾಳೆಗರಿಯ, ಒಂದು ಕಟ್ಟು ತೆಗೆಯಬೇಕು. ಒಂದೇ. ಎರಡು ಕಟ್ಟು ಒಟ್ಟಿಗೆ ಮೇಜಿನ ಮೇಲೆ ಇರಬಾರದು, ಇದು ಅಲ್ಲಿನ ಮೊದಲ ನಿಯಮ. ಕೆಂಪು ಬಟ್ಟೆ ಬಿಚ್ಚಬೇಕು, ದಾರ ಸಡಿಲಿಸಬೇಕು, ಮೇಲೆ ಕೆಳಗೆ ಇರುವ ಮರದ ಹಲಗೆ ಪಕ್ಕಕ್ಕಿಡಬೇಕು. ಆಮೇಲೆ ಒಂದೊಂದೇ ಗರಿ ಎತ್ತಿ, ಎರಡೂ ಬದಿ ಬ್ರಷ್ ಆಡಿಸಿ, ಎಡ ಅಂಚಿನಲ್ಲಿ ಬರೆದಿರುವ ಸಂಖ್ಯೆ ನೋಡಿ, ಒಂದು ಪಟ್ಟಿಗೆ ಬರೆಯಬೇಕು. ಎಷ್ಟು ಗರಿ, ಉದ್ದ ಅಗಲ ಎಷ್ಟು, ಒಂದು ಬದಿಗೆ ಎಷ್ಟು ಸಾಲು, ಲಿಪಿ ಯಾವುದು, ಭಾಷೆ ಯಾವುದು, ಎಲ್ಲಿ ಮುರಿದಿದೆ, ಎಲ್ಲಿ ಹುಳ ತಿಂದಿದೆ, ಯಾವ ಗರಿ ಇಲ್ಲ. ಮೊದಲ ಸಾಲನ್ನೂ ಕೊನೆ ಸಾಲನ್ನೂ ಇದ್ದ ಹಾಗೇ ನಕಲು ಮಾಡಬೇಕು. ಲಿಪಿಕಾರ ತನ್ನ ಹೆಸರು, ಊರು, ತಿಥಿ ಬರೆದಿದ್ದರೆ ಅದನ್ನೂ.

ನನ್ನ ಮೊದಲ ಕಟ್ಟಿನಲ್ಲಿ 118 ಗರಿ ಇತ್ತು. ಮುಗಿಸಲು ನಾಲ್ಕು ದಿನ ಬೇಕಾಯಿತು. ಹುಳ 23ನೇ ಗರಿಯಲ್ಲಿ ಹೊಕ್ಕು 31ನೇ ಗರಿಯಲ್ಲಿ ಹೊರಬಂದಿತ್ತು, ಅದೂ ನೇರವಾಗಿ ಅಲ್ಲ, ಸೊಟ್ಟಪಟ್ಟ, ಸಂತೆಯಿಂದ ಮನೆಗೆ ಬರುವವನ ಹಾಗೆ ಅಲ್ಲಲ್ಲಿ ನಿಂತು. ಗರಿಗಳನ್ನು ಸರಿಯಾಗಿ ಜೋಡಿಸಿದರೆ ಮಾತ್ರ ಆ ತೂತು ಮೇಲಿಂದ ಕೆಳಗೆ ಕೂಡಿಕೊಳ್ಳುತ್ತದೆ. ಅಂದರೆ ಸಂಖ್ಯೆ ಅಳಿಸಿಹೋದ ಗರಿಯನ್ನು ಅದರ ಜಾಗಕ್ಕೆ ಸೇರಿಸಲು ಹುಳದ ದಾರಿಯೇ ಸಾಕ್ಷಿ. ಶತ್ರುವೂ ಒಂದು ಉಪಕಾರ ಮಾಡಿ ಹೋಗಿರುತ್ತಾನೆ ಅಂತ ಅಲ್ಲಿನ ಮೇಲ್ವಿಚಾರಕರು ನಗುತ್ತಿದ್ದರು.

ಗ್ರಂಥಾಲಯಕ್ಕೂ ದಾಖಲೆ ಕೋಣೆಗೂ ಏನು ವ್ಯತ್ಯಾಸ? ಎರಡೂ ಹಳೇ ಕಾಗದ ತಾನೇ?

ನಾನೂ ಹಾಗೇ ಅಂದುಕೊಂಡಿದ್ದೆ. ಕ್ಲಾಸಿನಲ್ಲಿ ಡ್ಯೂಯಿ, ರಂಗನಾಥನ್ ಅವರ ಪುಸ್ತಕ ವಿಂಗಡಿಸುವ ಪದ್ಧತಿ ಎಲ್ಲ ಕಲಿತು ಬಂದವಳು, ಕಂಡದ್ದಕ್ಕೆಲ್ಲ ವಿಷಯವಾರು ನಂಬರ್ ಹಾಕಿ ಜೋಡಿಸುವ ಹುಮ್ಮಸ್ಸು. ಗ್ರಂಥಾಲಯದಲ್ಲಿ ಅದು ಸರಿ. ಒಂದು ಅಚ್ಚಾದ ಪುಸ್ತಕದ ಅಕ್ಕಪಕ್ಕ ಯಾವ ಪುಸ್ತಕ ಇದ್ದರೂ ಅದರ ಅರ್ಥ ಬದಲಾಗುವುದಿಲ್ಲ. ದಾಖಲೆಯ ವಿಷಯ ಹಾಗಲ್ಲ. ಅದು ಯಾರ ಪೆಟ್ಟಿಗೆಯಲ್ಲಿತ್ತು, ಅದರ ಮೇಲೆ ಕೆಳಗೆ ಏನಿತ್ತು ಅನ್ನುವುದೂ ದಾಖಲೆಯ ಭಾಗ. ಅದನ್ನು ಕಲಸಿಬಿಟ್ಟರೆ ಮತ್ತೆ ಕಟ್ಟಲು ಆಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಮರದ ಪೆಟ್ಟಿಗೆಯಲ್ಲಿ ನಾಲ್ಕು ಓಲೆ ಕಟ್ಟು, ಅವುಗಳ ಅಡಿಯಲ್ಲಿ ಒಂದು ಕಡತ ಇತ್ತು. ಕಡತ ಅಂದರೆ ಈಗ ಆಫೀಸಿನ ಫೈಲು ಅಂತ ಆಗಿದೆ. ಮೂಲದಲ್ಲಿ ಅದು ಬಟ್ಟೆ: ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಲಗೆ ಇದ್ದ ಹಾಗೆ. ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸ ಓದುವವರಿಗೆಲ್ಲ ಗೊತ್ತು. ನಮಗೆ ಸಿಕ್ಕಿದ್ದರಲ್ಲಿ ಅಕ್ಕಿ, ಎಣ್ಣೆ, ಅಡಿಕೆಯ ಲೆಕ್ಕ ಇತ್ತು, ಖಂಡುಗ ಕೊಳಗದ ಹಳೇ ಅಳತೆಯಲ್ಲಿ. ನಾನು ಜಾಣತನ ಮಾಡಿ ಅದನ್ನು 'ಲೆಕ್ಕಪತ್ರ' ಕಪಾಟಿಗೆ ಒಯ್ಯಲು ಎತ್ತಿದೆ. ಮೇಲ್ವಿಚಾರಕರು, "ತಡಿಯಮ್ಮ, ಅದು ಅಲ್ಲೇ ಇರಲಿ" ಅಂದರು. ಯಾಕೆ ಅನ್ನೋದು ತಾರೀಕಿನ ಪ್ರಶ್ನೆ ಬಂದಾಗ ಹೇಳುತ್ತೇನೆ.

ಅಂದ ಹಾಗೆ ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಳಪದ ಅಕ್ಷರ, ಸ್ಲೇಟಿನ ಹಾಗೇ ಹೋಗಿಬಿಡುತ್ತದೆ. ನಮ್ಮ ಕಡತದ ಎರಡು ಮಡಿಕೆಯಲ್ಲಿ ಯಾರೋ ಹಿಂದೆ ಸ್ವಚ್ಛ ಮಾಡಿದ ಗುರುತಿತ್ತು. ತುಂಬಾ ಸ್ವಚ್ಛವಾಗಿತ್ತು.

ಏನಾದರೂ ನಿಧಿ ಸಿಕ್ಕಿತಾ? ಯಾರೂ ನೋಡದ ಗ್ರಂಥ?

ಈ ಪ್ರಶ್ನೆ ಎಲ್ಲರಿಗಿಂತ ಮೊದಲು ನನ್ನ ಮಾವ ಕೇಳಿದರು. ಇಲ್ಲ ಮಾವ. ಸಿಕ್ಕಿದ್ದರಲ್ಲಿ ಜಾಸ್ತಿ ಪಾಲು ಪೂಜಾ ಪದ್ಧತಿ, ಸ್ತೋತ್ರ, ಪಂಚಾಂಗದ ಲೆಕ್ಕ, ಒಂದಿಷ್ಟು ವೈದ್ಯ. ಹತ್ತು ಕಡೆ ಇರುವ ಗ್ರಂಥಗಳ ಹನ್ನೊಂದನೇ ಪ್ರತಿ.

ಆದರೆ ಮೈಸೂರಿನ ಕಥೆ ನೆನಪಿಟ್ಟುಕೊಳ್ಳಿ. ಕೌಟಿಲ್ಯನ ಅರ್ಥಶಾಸ್ತ್ರ ಇತ್ತು ಅಂತ ಎಲ್ಲರಿಗೂ ಗೊತ್ತಿತ್ತು, ಬೇರೆ ಗ್ರಂಥಗಳಲ್ಲಿ ಅದರ ಮಾತು ಬರುತ್ತಿತ್ತು, ಪೂರ್ತಿ ಪಠ್ಯ ಮಾತ್ರ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಅದರ ಓಲೆಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅದರ ಲಿಪಿಯ ಹೆಸರೇ 'ಗ್ರಂಥ', ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ಅದು ಏನು ಅಂತ ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1905ರ ಮಾತು. ಸಂಸ್ಕೃತ ಪಠ್ಯ 1909ರಲ್ಲಿ ಅಚ್ಚಾಯಿತು, ಇಂಗ್ಲಿಷ್ ಅನುವಾದದ ಪುಸ್ತಕ 1915ರಲ್ಲಿ ಬಂತು. ಅವರನ್ನು ಎಲ್ಲರೂ ಮಹಾ ಪಂಡಿತರು ಅಂತಲೇ ಹೇಳುತ್ತಾರೆ, ಅದು ನಿಜ. ನಮ್ಮಂಥವರಿಗೆ ಮುಖ್ಯವಾದ ಇನ್ನೊಂದು ವಿಷಯ ಇದೆ, ಅವರು ಅಲ್ಲಿ ಲೈಬ್ರರಿಯನ್ ಆಗಿದ್ದರು. ಬಂದ ಕಟ್ಟನ್ನು ಬಿಚ್ಚಿ ನೋಡುವುದು ಅವರ ಕೆಲಸವೇ ಆಗಿತ್ತು.

ಯಾರೋ ಒಬ್ಬ ಪುಣ್ಯಾತ್ಮ ಕಟ್ಟಿನ ಮೇಲೆ 'ನೀತಿ, ಸಂಸ್ಕೃತ, ಅಪೂರ್ಣ' ಅಂತ ಬರೆದು ಕಪಾಟಿಗೆ ಸೇರಿಸಿದ್ದರೆ ಏನಾಗುತ್ತಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ. ನಮ್ಮ ಮಠದ ಹಳೇ ಪಟ್ಟಿಯಲ್ಲಿ ಅಂಥ ನಮೂದು ಎಷ್ಟು ಬೇಕಾದರೂ ಇದ್ದವು. 'ಬಿಡಿ ಗರಿಗಳು.' 'ಸ್ತೋತ್ರ ಇತ್ಯಾದಿ.' ಈ 'ಇತ್ಯಾದಿ' ಇದೆಯಲ್ಲ, ಅದರಷ್ಟು ದೊಡ್ಡ ಕಳ್ಳ ಇನ್ನೊಬ್ಬನಿಲ್ಲ. ಗ್ರಂಥ ಕಪಾಟಿನಲ್ಲೇ ಇರುತ್ತದೆ, ಆದರೆ ಯಾರಿಗೂ ಸಿಗುವುದಿಲ್ಲ.

ಲಿಪಿ ಬರಬೇಕಾ? ನನಗೆ ಬರೀ ಕನ್ನಡ ಬರುತ್ತೆ.

ಸಾಕು, ಶುರು ಮಾಡಲು. ಗರಿ ಒರೆಸಲು, ಎಣಿಸಲು, ಅಳೆಯಲು ಲಿಪಿ ಬೇಡ. ಆದರೆ ಬರೀ ಕನ್ನಡ ಬರುತ್ತದೆ ಅನ್ನುವ ಧೈರ್ಯ ಮೊದಲ ಗರಿ ನೋಡಿದಾಗ ಸ್ವಲ್ಪ ಇಳಿಯುತ್ತದೆ, ಹೇಳಿರುತ್ತೇನೆ. ಪದಗಳ ನಡುವೆ ಜಾಗ ಇರುವುದಿಲ್ಲ. ಅಲ್ಪವಿರಾಮ ಪೂರ್ಣವಿರಾಮ ಇರುವುದಿಲ್ಲ. ಎ ಮತ್ತು ಏ, ಒ ಮತ್ತು ಓ ಎರಡಕ್ಕೂ ಸಾಮಾನ್ಯವಾಗಿ ಒಂದೇ ಗುರುತು. ಕೆಲವು ಕಡೆ ಈಗ ಬಳಕೆಯಲ್ಲಿಲ್ಲದ ೞ ಮತ್ತು ಱ ಬಂದು ಕೂತಿರುತ್ತವೆ. ಓದಲು ಕೂತ ಮೊದಲ ವಾರ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಮೂರನೇ ವಾರಕ್ಕೆ ಆ ಲಿಪಿಕಾರನ ಕೈ ಪರಿಚಯವಾಯಿತು, ಆಮೇಲೆ ಸಲೀಸು. ಮುಂದಿನ ಕಟ್ಟು ಬೇರೆ ಕೈಯದ್ದು, ಮತ್ತೆ ಮೊದಲಿಂದ.

ಕರಾವಳಿ, ಮಲೆನಾಡಿನ ಕಡೆ ಸಂಸ್ಕೃತ ಗ್ರಂಥಗಳು ಹೆಚ್ಚಾಗಿ ತಿಗಳಾರಿ ಲಿಪಿಯಲ್ಲಿವೆ. ದೂರದಿಂದ ನೋಡಿದರೆ ಮಲಯಾಳಂ ಅನ್ನಿಸುತ್ತದೆ. ಇನ್ನು ಕೆಲವು ನಂದಿನಾಗರಿ. ಪಟ್ಟಿ ಮಾಡುವವರಿಗೆ ಒಂದು ಒಳ್ಳೇ ಸುದ್ದಿ: ನಂದಿನಾಗರಿ 2019ರಲ್ಲಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ಸೇರಿತು, ತುಳು-ತಿಗಳಾರಿ 2024ರಲ್ಲಿ ಸೇರಿತು. ಫಾಂಟು, ಕೀಬೋರ್ಡು ಎಲ್ಲ ಕಡೆ ಬರಲು ಇನ್ನೂ ಸಮಯ ಬೇಕು, ನಾವಂತೂ ಕನ್ನಡ ಅಕ್ಷರದಲ್ಲೇ ನಕಲು ಮಾಡಿಕೊಳ್ಳುತ್ತಿದ್ದೆವು.

ಅರ್ಥ ತಿಳಿಯದ ಪದಕ್ಕೆ ಕೋಣೆಯಲ್ಲೇ ಕಿಟ್ಟೆಲ್ ನಿಘಂಟು ಇತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ನಿಘಂಟು ಅದು. ನಮ್ಮಲ್ಲಿದ್ದದ್ದು ಮರುಮುದ್ರಣದ ಪ್ರತಿ, ಬೆನ್ನು ಕಿತ್ತುಹೋಗಿತ್ತು. ಕಿತ್ತುಹೋದ ಪುಸ್ತಕ ಅಂದರೆ ಜನ ಬಳಸಿದ್ದಾರೆ ಅಂತ ಅರ್ಥ, ಅಲ್ವಾ.

ಬಿಳಿ ಕೈಗವಸು ಹಾಕಿಕೊಳ್ಳಬೇಕಾ?

ಬೇಡ. ಫೋಟೋಗೆ ಚೆನ್ನಾಗಿ ಕಾಣುತ್ತದೆ ಅಷ್ಟೇ. ಹತ್ತಿ ಗವಸಿನ ನೂಲು ಗರಿಯ ಸೀಳಿಗೆ ಸಿಕ್ಕಿ ಅಂಚು ಮುರಿಯುತ್ತದೆ, ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ಕೈ ತೊಳೆದು, ಪೂರ್ತಿ ಒಣಗಿಸಿ, ಬರಿಗೈಯಲ್ಲಿ ಹಿಡಿಯಿರಿ. ಹಳೇ ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಗವಸು ಬೇಕು. ಕೈಗೆ ಕ್ರೀಮ್ ಹಚ್ಚಿಕೊಂಡು ಬರಬೇಡಿ. ಉಂಗುರ, ಬಳೆ ತೆಗೆದಿಡಿ. ಪೆನ್ನು ಒಳಗೆ ಬೇಡ, ಪೆನ್ಸಿಲ್ ಮಾತ್ರ.

ಗರಿಗೆ ಎಣ್ಣೆ ಹಚ್ಚುತ್ತಾರಂತೆ, ನಿಜವಾ?

ನಿಜ, ಮತ್ತು ನಾನು ಅಲ್ಲಿ ನೋಡಿದ್ದರಲ್ಲಿ ಅತಿ ಚಂದದ್ದು ಅದೇ.

ಓಲೆಗರಿಯಲ್ಲಿ ಶಾಯಿಯಿಂದ ಬರೆಯುವುದಿಲ್ಲ, ನಮ್ಮ ಕಡೆ. ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆಯುತ್ತಾರೆ. ಕೊರೆದಾಗ ಅಕ್ಷರ ಕಾಣುವುದೇ ಇಲ್ಲ, ಬರೀ ಗೀರು. ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ಬರುತ್ತದೆ. ನೂರಾರು ವರ್ಷದಲ್ಲಿ ಆ ಮಸಿ ಉದುರಿಹೋಗುತ್ತದೆ, ಗರಿ ಖಾಲಿ ಕಾಣುತ್ತದೆ. ಒಂದು ಮಧ್ಯಾಹ್ನ ಹೀಗೇ ಬೋಳು ಗರಿಯೊಂದನ್ನು ಮೇಲ್ವಿಚಾರಕರು ಮೇಜಿನ ಮೇಲಿಟ್ಟರು. ಹತ್ತಿಗೆ ಹುಲ್ಲೆಣ್ಣೆ, ಅದೇ ನಿಂಬೆಹುಲ್ಲಿನ ಎಣ್ಣೆ, ಎರಡು ಹನಿ. ದೀಪದ ಮಸಿ ಚಿಟಿಕೆ. ಎಡದಿಂದ ಬಲಕ್ಕೆ ಒಂದೇ ಸಲ ಸವರಿದರು, ಒಣ ಬಟ್ಟೆಯಲ್ಲಿ ಒರೆಸಿದರು. ಎಂಟು ಸಾಲು ಅಕ್ಷರ ಬಂದು ನಿಂತವು. ಕೋಣೆ ತುಂಬ ನಿಂಬೆಯ ವಾಸನೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ ಅಂತ ಆಮೇಲೆ ಅವರೇ ಹೇಳಿದರು.

ಎಣ್ಣೆ ಗರಿಗೆ ಬಳುಕುವ ಗುಣ ಕೊಡುತ್ತದೆ, ಹುಳವನ್ನೂ ದೂರ ಇಡುತ್ತದೆ. ಆದರೆ ಎಲ್ಲಾ ಗರಿಗೂ ಸುಮ್ನೆ ಹಚ್ಚುವಂತಿಲ್ಲ. ಶಾಯಿಯ ಬರಹ, ಬಣ್ಣದ ಚಿತ್ರ ಇದ್ದರೆ ಮುಟ್ಟಲೇಬಾರದು. ಜಾಸ್ತಿಯಾದರೆ ಗರಿ ಅಂಟಿಕೊಳ್ಳುತ್ತದೆ, ಕಪ್ಪಾಗುತ್ತದೆ. ಹಳೇ ಲಿಪಿಕಾರರ ಒಂದು ಶ್ಲೋಕವನ್ನು ಅನೇಕ ಪ್ರತಿಗಳ ಕೊನೆಯಲ್ಲಿ ಕಾಣಬಹುದು. ಪುಸ್ತಕವೇ ಮಾತಾಡುತ್ತದೆ: ಎಣ್ಣೆಯಿಂದ ಕಾಪಾಡು, ನೀರಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ ಅಂತ. ನಾಲ್ಕರಲ್ಲಿ ಎರಡನ್ನು ನಾನೇ ಮೀರಿದ್ದೇನೆ. ಮುಂದಿನ ಪ್ರಶ್ನೆ ನೋಡಿ.

ಏನು ಎಡವಟ್ಟು ಮಾಡಿದೆ?

ಕನ್ನಡದ ೬ ಮತ್ತು ೯. ಹಳೇ ಕೈಬರಹದಲ್ಲಿ, ಮಾಸಿದ ಗರಿಯಲ್ಲಿ, ಮಳೆಗಾಲದ ಬೆಳಕಿನಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ ಎರಡೂ ಒಂದೇ. ೬೯ನೇ ಗರಿಯನ್ನು ೯೬ರ ಜಾಗಕ್ಕೂ ೯೬ನ್ನು ೬೯ರ ಜಾಗಕ್ಕೂ ಹಾಕಿ, ದಾರವನ್ನು ಸಡಿಲವಾಗಿ ಬಿಗಿದು, ಬಟ್ಟೆ ಸುತ್ತಿ, ಪಟ್ಟಿಗೆ 'ಕ್ರಮ ಸರಿ ಇದೆ' ಅಂತ ಬರೆದು ಮನೆಗೆ ಹೋದೆ. ಎರಡು ವಾರದ ನಂತರ ಫೋಟೋ ತೆಗೆಯುವಾಗ ಸಿಕ್ಕಿಬಿತ್ತು. ಯಾರೂ ಬೈಯಲಿಲ್ಲ. ಪಟ್ಟಿಯಲ್ಲಿ ನನ್ನ ಸಾಲನ್ನು ಅಳಿಸಲೂ ಬಿಡಲಿಲ್ಲ. ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಕು ಮತ್ತು ಸಹಿ ಹಾಕಿಸಿದರು. ಅದು ಈಗಲೂ ಅಲ್ಲಿದೆ.

ಇನ್ನೊಂದು ತಪ್ಪು ನನ್ನದಲ್ಲ. ಒಂದು ಕಪಾಟನ್ನು ಬಹಳ ಹಿಂದೆ ಹೊರಗೋಡೆಗೆ ತಾಗಿಸಿ ಇಟ್ಟಿದ್ದರು. ಘಟ್ಟದ ಮಳೆಯಲ್ಲಿ ಗೋಡೆ ನೀರು ಕುಡಿಯುತ್ತದೆ, ಗೆದ್ದಲು ಗೋಡೆಯಿಂದ ನೇರ ಕಪಾಟಿಗೆ. ಬೀಗ ಮಾತ್ರ ಬಲವಾದದ್ದು, ಕೀಲಿ ತಿರುಗಿಸಲು ಇಬ್ಬರು ಬೇಕು. ಗೆದ್ದಲಿಗೆ ಕೀಲಿ ಬೇಕಿರಲಿಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡುವುದು, ಅಷ್ಟೇ ಪರಿಹಾರ. ಖರ್ಚಿಲ್ಲ.

ತಾರೀಕು ಹೇಗೆ ಗೊತ್ತಾಗುತ್ತದೆ?

ಅದೃಷ್ಟ ಇದ್ದರೆ ಲಿಪಿಕಾರ ಶಾಲಿವಾಹನ ಶಕ ವರ್ಷ ಬರೆದಿರುತ್ತಾನೆ, ಅದಕ್ಕೆ 78 ಕೂಡಿಸಿದರೆ ಹೆಚ್ಚುಕಮ್ಮಿ ಇಸವಿ ಸಿಗುತ್ತದೆ. ಬಹಳ ಸಲ ಬರೀ ಸಂವತ್ಸರದ ಹೆಸರು, ಮಾಸ, ತಿಥಿ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 'ಪ್ರಭವ ಸಂವತ್ಸರ' ಅಂದರೆ 1807 ಆಗಬಹುದು, 1867 ಆಗಬಹುದು, 1927 ಕೂಡ ಆಗಬಹುದು.

ಆ ಪೆಟ್ಟಿಗೆಯ ಒಂದು ಕಟ್ಟಿನಲ್ಲಿ ಇದೇ ಆಗಿತ್ತು. ಪ್ರಭವ, ಆಶ್ವಯುಜ ಮಾಸ, ಲಿಪಿಕಾರನ ಹೆಸರು, ಮುಗಿಯಿತು. ಈಗ ಕಡತಕ್ಕೆ ಬನ್ನಿ. ಅದೇ ಪೆಟ್ಟಿಗೆಯ ಅಡಿಯಲ್ಲಿದ್ದ ಅಕ್ಕಿ ಎಣ್ಣೆ ಲೆಕ್ಕದಲ್ಲಿ ಅದೇ ಹೆಸರು, ಜೊತೆಗೆ ಶಕ 1790, ವಿಭವ ಸಂವತ್ಸರ. ಅಂದರೆ 1868. ವಿಭವದ ಹಿಂದಿನದ್ದೇ ಪ್ರಭವ. ಲೆಕ್ಕ ಬರೆಯುತ್ತಿದ್ದ ಮನುಷ್ಯನೇ ಹಿಂದಿನ ವರ್ಷ ಗ್ರಂಥ ನಕಲು ಮಾಡಿದ್ದ ಅಂತ ಕಾಣುತ್ತದೆ. ಪಟ್ಟಿಯಲ್ಲಿ '1867?' ಅಂತ ಬರೆದೆವು, ಪ್ರಶ್ನೆ ಚಿಹ್ನೆ ಸಮೇತ. ಹೆಸರು ಒಂದೇ ಆದರೆ ಮನುಷ್ಯ ಒಬ್ಬನೇ ಆಗಬೇಕಿಲ್ಲವಲ್ಲ. ನಾನು ಕಡತವನ್ನು ಲೆಕ್ಕಪತ್ರದ ಕಪಾಟಿಗೆ ಒಯ್ದಿದ್ದರೆ ಆ ಪ್ರಶ್ನೆ ಚಿಹ್ನೆ ಕೂಡ ಸಿಗುತ್ತಿರಲಿಲ್ಲ.

ಎಲ್ಲಾ ಮೊಬೈಲಲ್ಲಿ ಫೋಟೋ ಹೊಡೆದು ಹಾಕಿಬಿಟ್ಟರೆ ಆಯ್ತಲ್ಲ?

ಫೋಟೋ ಹೊಡೆಯುವುದು ಸುಲಭದ ಭಾಗ. ಫ್ಲ್ಯಾಶ್ ಇಲ್ಲದೆ, ಪಕ್ಕದಿಂದ ಓರೆ ಬೆಳಕು ಬಿಟ್ಟು, ಅಳತೆಪಟ್ಟಿ ಇಟ್ಟು, ಎರಡೂ ಬದಿ ತೆಗೆಯಬೇಕು. ಟಿಫ್ ಫೈಲು ಕಾಪಿಡಲು, ಜೆಪೆಗ್ ಓದಲು. ನಿಜವಾದ ಕಷ್ಟ ಹೆಸರಿಡುವುದರಲ್ಲಿದೆ. 'ಐಎಂಜಿ 4471' ಅನ್ನುವ ಎರಡು ಸಾವಿರ ಫೋಟೋ ಒಂದು ಹಾರ್ಡ್ ಡಿಸ್ಕಿನಲ್ಲಿದ್ದರೆ ಅದು 'ಇತ್ಯಾದಿ'ಯ ಹೊಸ ಅವತಾರ. ಕಟ್ಟಿನ ಸಂಖ್ಯೆ, ಗರಿ ಸಂಖ್ಯೆ, ಮುಂಬದಿಯೋ ಹಿಂಬದಿಯೋ, ಇಷ್ಟು ಹೆಸರಿನಲ್ಲೇ ಇರಬೇಕು. ಪಟ್ಟಿ ಮೊದಲು, ಕ್ಯಾಮೆರಾ ಆಮೇಲೆ.

ಸ್ಟೇಟಸ್‌ಗೆ ಹಾಕಲು ಒಂದು ಫೋಟೋ ತೆಗೆದುಕೊಳ್ಳಬಹುದಾ ಅಂತ ಕೇಳುವವರಿಗೆ: ಮಠದವರನ್ನು ಕೇಳಿ. ನಾನು ಕೇಳಿದೆ. ಬೇಡ ಅಂದರು.

ದುಡ್ಡು ಕೊಡ್ತಾರಾ?

ಇಲ್ಲ. ಮಧ್ಯಾಹ್ನದ ಊಟ, ನಾಲ್ಕು ಗಂಟೆಗೆ ಕಷಾಯ. ಬಸ್ ಚಾರ್ಜು ಕೈಯಿಂದ. ಪ್ರಮಾಣಪತ್ರ ಕೊಟ್ಟರು. ಸ್ವಯಂಸೇವೆ ಅಂತ ಹೇಳಿ ಖಾಯಂ ಸಿಬ್ಬಂದಿಯ ಕೆಲಸವನ್ನು ವರ್ಷಗಟ್ಟಲೆ ವಿದ್ಯಾರ್ಥಿಗಳಿಂದ ಮಾಡಿಸುವ ಜಾಗಗಳೂ ಇವೆ. ಹೋಗುವ ಮುಂಚೆ ಗಂಟೆ ಎಷ್ಟು, ಕಲಿಸುವವರು ಯಾರು ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮಠ ಅಂದಮೇಲೆ ಹುಡುಗಿಯರಿಗೆ ಬಿಡ್ತಾರಾ? ಮಡಿ ಮೈಲಿಗೆ?

ನನ್ನನ್ನು ಬಿಟ್ಟರು. ಚಪ್ಪಲಿ ಹೊರಗೆ, ಊಟ ಹೊರಗೆ. ಒಂದೊಂದು ಕಡೆ ಒಂದೊಂದು ರೀತಿ. ಮುಜುಗರ ಪಡದೆ ಫೋನಿನಲ್ಲೇ ಕೇಳಿಬಿಡಿ.

ನಮ್ಮ ಮನೆ ಅಟ್ಟದಲ್ಲಿ ತಾಳೆಗರಿ ಇದೆ. ಏನು ಮಾಡಲಿ?

ಮೊದಲು, ಹೊಳೆಗೆ ಬಿಡಬೇಡಿ. ನಗಬೇಡಿ, ಈಗಲೂ ಬಿಡುತ್ತಾರೆ, ಭಕ್ತಿಯಿಂದಲೇ.

ನವರಾತ್ರಿಯ ಸರಸ್ವತಿ ಪೂಜೆಗೆ ಇಡುವುದಾದರೆ ಬಟ್ಟೆ ಸುತ್ತಿಯೇ ಇಡಿ, ಅರಿಶಿನ ಕುಂಕುಮದ ನೀರು ಗರಿಗೆ ಬೀಳಬಾರದು. ಅಜ್ಜಂದಿರು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದದ್ದು ಸುಮ್ನೆ ಅಲ್ಲ, ಹೊಗೆಗೆ ಹುಳ ಬರುತ್ತಿರಲಿಲ್ಲ, ಗರಿಯೂ ಒಣಗಿರುತ್ತಿತ್ತು. ಈಗ ಗ್ಯಾಸ್ ಒಲೆ. ಹಾಗಾಗಿ ಗೋಡೆಗೆ ತಾಗದ ಒಣ ಜಾಗದಲ್ಲಿ, ಹತ್ತಿ ಬಟ್ಟೆಯಲ್ಲಿ, ಪಕ್ಕದಲ್ಲಿ ಬಜೆಯ ತುಂಡು ಕಟ್ಟಿದ ಗಂಟು ಇಟ್ಟು ಕಾಪಾಡಿ. ಪ್ಲಾಸ್ಟಿಕ್ ಕವರು ಬೇಡ, ಒಳಗೆ ಬೆವರುತ್ತದೆ. ಸೆಲ್ಲೋ ಟೇಪು ಖಂಡಿತ ಬೇಡ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ, ತಿಳಿದವರಿಗೆ ತೋರಿಸಿ.

ಮಾರುವ ಯೋಚನೆ ಇದ್ದರೆ ಒಂದು ಮಾತು. 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಹೊರದೇಶಕ್ಕೆ ಕಳಿಸುವುದು ಅಪರಾಧ.

ಎಲ್ಲಿ ಕೇಳಬೇಕು?

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅದೇ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ. ಕಟ್ಟಡಕ್ಕೋಸ್ಕರವಾದರೂ ಒಮ್ಮೆ ನೋಡಬೇಕು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೇ ಒಂದು ವಿಭಾಗ ಇದೆ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ ಸಂಗ್ರಹ ಇದೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕ, ದಾಖಲೆಗಳಿವೆ, ಅಚ್ಚಿನ ಇತಿಹಾಸ ಇಷ್ಟ ಇರುವವರು ಅಲ್ಲಿ ಕೇಳಿನೋಡಿ. ಸರ್ಕಾರಿ ಕಾಗದಪತ್ರದ ರುಚಿ ಇದ್ದವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಪತ್ರ ಬರೆಯುವಾಗ ನಿಮಗೆ ಏನು ಕಲಿಯಬೇಕು ಅನ್ನುವುದಕ್ಕಿಂತ ಏನು ಮಾಡಿಕೊಡಬಲ್ಲಿರಿ ಅಂತ ಬರೆಯಿರಿ. ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತದೆ ಅನ್ನುವ ಒಂದು ಸಾಲು ಬಹಳ ಬಾಗಿಲು ತೆರೆಯುತ್ತದೆ.

ಆ 41ನೇ ಗರಿ ಸಿಕ್ಕಿತಾ?

ನನ್ನ ಗೆಳತಿಯರು ಮಾತ್ರ ಕೇಳುವ ಪ್ರಶ್ನೆ ಇದು. ನನ್ನ ಮೊದಲ ಕಟ್ಟಿನಲ್ಲಿ ಕೊನೆಯ ಗರಿಯ ಸಂಖ್ಯೆ 119, ಎಣಿಸಿದರೆ 118. 41 ಇರಲಿಲ್ಲ. 40ರ ಕೊನೆಯಲ್ಲಿ ಒಂದು ಪದ ಅರ್ಧಕ್ಕೆ ನಿಂತಿತ್ತು, 42 ಬೇರೆಯೇ ಮಾತಿನಿಂದ ಶುರುವಾಗುತ್ತಿತ್ತು. 'ಗರಿ 41 ಇಲ್ಲ' ಅಂತ ಬರೆದು, ಆ ಅರ್ಧ ಪದವನ್ನೂ ನಕಲು ಮಾಡಿ ಬಂದೆ.

ಹೋದ ತಿಂಗಳು ಫೋನ್ ಮಾಡಿದ್ದೆ. ಇನ್ನೂ ಸಿಕ್ಕಿಲ್ಲ. 'ಬಿಡಿ ಗರಿಗಳು' ಅಂತ ಚೀಟಿ ಅಂಟಿಸಿದ ಮೂರು ಡಬ್ಬಿಗಳಲ್ಲಿ ಈಗಿನ ಹುಡುಗಿ ಎರಡನೆಯದಕ್ಕೆ ಬಂದಿದ್ದಾಳಂತೆ. ದಿನಕ್ಕೆ ಹದಿನೈದು ಗರಿ. ನನ್ನ ಅರ್ಧ ಪದವನ್ನು ಚೀಟಿಯಲ್ಲಿ ಬರೆದು ಮೇಜಿನ ದೀಪಕ್ಕೆ ಅಂಟಿಸಿಕೊಂಡಿದ್ದಾಳಂತೆ.